ಗಿಟಾರ್ ನುಡಿಸಲು ಬಾರದ ಗಿಟಾರ್ ನಿರ್ಮಾತೃ ಲಿಯೋ ಫೆಂಡರ್

ಬೆಂಗಳೂರಿನ ಇಂದಿರಾನಗರದಲ್ಲಿ ಸಂಜೆಯಾಯಿತೆಂದರೆ ಬೆನ್ನಿಗೆ ಗಿಟಾರಿನ ಚೀಲ ಏರಿಸಿಕೊಂಡು ಸಾಗುವ ತರುಣ ತರುಣಿಯರು ಕಣ್ಣಿಗೆ ಬೀಳುವುದು ಸಾಮಾನ್ಯ. ಆ ಚೀಲಗಳೊಳಗೆ ಇತ್ತೀಚಿನ ವರ್ಷಗಳಲ್ಲಿ ಓರೆ ಮೈಯ ಎಲೆಕ್ಟ್ರಿಕ್ ಗಿಟಾರೊಂದು ಜಾಗ ಮಾಡಿಕೊಂಡಿದೆ. ಅದರ ನಡು ಎರಡು ಬದಿಯಲ್ಲಿ ಸಮವಾಗಿಲ್ಲ. ಒಂದು ಬದಿಯ ಬಳುಕು ಮುಂದಕ್ಕೂ ಇನ್ನೊಂದು ಬದಿಯದು ಹಿಂದಕ್ಕೂ ಸರಿದಿದ್ದು, ಇಡೀ ವಾದ್ಯ ಓಡಲು ಅಣಿಯಾದಂತೆ ವಾಲಿ ನಿಂತಿರುತ್ತದೆ. ವಾದಕರ ವಲಯದಲ್ಲಿ ಇದಕ್ಕೆ ಆಫ್‌ಸೆಟ್ ಗಿಟಾರ್ ಎಂದು ಹೆಸರು.

ಇದನ್ನು ಹೊಸದಾಗಿ ಕೊಂಡು ತಂದವರಲ್ಲಿ ಅನೇಕರ ಮೊದಲ ಸಂಜೆ ಒಂದೇ ಬಗೆಯಲ್ಲಿ ಕಳೆಯುತ್ತದೆ. ತೊಡೆಯ ಮೇಲಿಟ್ಟುಕೊಂಡಾಗ ವಾದ್ಯ ಹಿತವಾಗಿ ಕೂರುತ್ತದೆ. ಆದರೆ ಮೇಲ್ಬದಿಯ ಪುಟ್ಟ ಸ್ವಿಚ್ ಒತ್ತಿದೊಡನೆ ನಾದ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಬಲವಾಗಿ ಮೀಟಿದರೆ ತಂತಿ ಕುದುರೆಯ ಗಾಡಿಯಿಂದ ಜಾರುತ್ತದೆ. ಕುದುರೆಯ ಹಿಂದಿನ ತಂತಿಯ ತುಂಡು ತನ್ನಷ್ಟಕ್ಕೆ ತಾನೇ ಮಿಡಿಯುತ್ತದೆ. ಕೊಟ್ಟ ಹಣ ವ್ಯರ್ಥವಾಯಿತೇ, ವಾದ್ಯದಲ್ಲಿ ದೋಷವಿದೆಯೇ ಎಂಬ ಸಂಶಯ ಮೂಡುವುದು ಸಹಜ. ಈ ಎಲ್ಲ ವಿಚಿತ್ರಗಳ ಮೂಲ ಇರುವುದು ಅರೆ ಶತಮಾನಕ್ಕೂ ಹಿಂದೆ ಇದನ್ನು ರೂಪಿಸಿದ ವ್ಯಕ್ತಿಯ ಬದುಕಿನಲ್ಲಿ. ಆತನೇ ಅಮೆರಿಕದ ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್. ಜಗತ್ತಿಗೆ ಅವರು ಲಿಯೋ ಫೆಂಡರ್.

ಕಿತ್ತಳೆ ತೋಟದ ಬಾಲಕ

ಫೆಂಡರ್ ಜನಿಸಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದ ಅನಾಹೈಮ್ ಮತ್ತು ಫುಲ್ಲರ್ಟನ್ ಪಟ್ಟಣಗಳ ನಡುವೆ ತಂದೆ ತಾಯಿಗಳಿದ್ದ ಕಿತ್ತಳೆ ತೋಟದಲ್ಲಿ. ಎಂಟನೆಯ ವಯಸ್ಸಿನಲ್ಲಿ ಎಡಗಣ್ಣಿಗೆ ಗೆಡ್ಡೆಯಾಗಿ, ಆ ಕಣ್ಣನ್ನು ತೆಗೆದು ಗಾಜಿನ ಕಣ್ಣು ಕೂರಿಸಬೇಕಾಯಿತು. ಹದಿಹರೆಯದಲ್ಲಿ, ಮೋಟಾರು ವಾಹನಗಳ ವಿದ್ಯುತ್ ಕೆಲಸದ ಅಂಗಡಿ ನಡೆಸುತ್ತಿದ್ದ ಬಂಧುವೊಬ್ಬರು ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ಕಳುಹಿಸಿಕೊಟ್ಟರು. ಮರುವರ್ಷ ಅದೇ ಅಂಗಡಿಯಲ್ಲಿ ಕಂಡ ರೇಡಿಯೊ, ಬಾಲಕನನ್ನು ಶಾಶ್ವತವಾಗಿ ಸೆರೆಹಿಡಿಯಿತು. ಶಾಲೆಯಲ್ಲಿರುವಾಗಲೇ ಅವರು ನೆರೆಹೊರೆಯವರ ರೇಡಿಯೊ ರಿಪೇರಿಗೆ ತೊಡಗಿದರು.

ಸಂಗೀತದ ಪಾಠ ದೊರೆತದ್ದು ಪಿಯಾನೊ ಮತ್ತು ಸ್ಯಾಕ್ಸೊಫೋನಿನಲ್ಲಿ. ಗಿಟಾರನ್ನು ಅವರು ಕೊನೆಯವರೆಗೂ ನುಡಿಸಲು ಕಲಿಯಲೇ ಇಲ್ಲ. ಕಾಲೇಜಿನಲ್ಲಿ ಓದಿದ್ದು ಲೆಕ್ಕಶಾಸ್ತ್ರ. 1934ರಲ್ಲಿ ಎಸ್ತರ್ ಅವರನ್ನು ವಿವಾಹವಾದ ಫೆಂಡರ್ ಹೆದ್ದಾರಿ ಇಲಾಖೆಯಲ್ಲಿ, ಬಳಿಕ ಟೈರ್ ಕಂಪನಿಯೊಂದರಲ್ಲಿ ಲೆಕ್ಕಪತ್ರ ಬರೆದರು. ಮಹಾ ಆರ್ಥಿಕ ಕುಸಿತದ ಆ ದಶಕದಲ್ಲಿ ಎರಡು ನೌಕರಿಗಳೂ ಕೈತಪ್ಪಿದವು. 1938ರಲ್ಲಿ 600 ಡಾಲರ್ ಸಾಲ ತಂದು ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಅನಿವಾರ್ಯವಾಗಿ ಹಿಡಿದ ಈ ದಾರಿಯೇ ಅವರ ಹೆಸರನ್ನು ಜಗತ್ತಿಗೆ ಮುಟ್ಟಿಸಿತು.

ರಿಪೇರಿಯವನ ಕಣ್ಣು

ಅಂಗಡಿಗೆ ಬರುತ್ತಿದ್ದ ವಾದಕರು ಕೆಟ್ಟ ಆಂಪ್ಲಿಫೈಯರುಗಳನ್ನೂ ತರುತ್ತಿದ್ದರು. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಡಾಕ್ ಕಾಫ್‌ಮನ್ ಜತೆಗೂಡಿ, ತೊಡೆಯ ಮೇಲಿಟ್ಟು ಉಕ್ಕಿನ ತುಂಡಿನಿಂದ ನುಡಿಸುವ ಹವಾಯಿಯನ್ ಗಿಟಾರುಗಳನ್ನೂ ಆಂಪ್ಲಿಫೈಯರುಗಳನ್ನೂ ಫೆಂಡರ್ ತಯಾರಿಸತೊಡಗಿದರು. 1946ರಲ್ಲಿ ಕಾಫ್‌ಮನ್ ಹೊರನಡೆದರು. ಅದೇ ವರ್ಷ ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪನಿ ರೂಪುಗೊಂಡಿತು.

ಎಲೆಕ್ಟ್ರಿಕ್ ಗಿಟಾರಿನ ಹೃದಯವೆಂದರೆ ಪಿಕಪ್. ಅಯಸ್ಕಾಂತದ ಸುತ್ತ ಸುತ್ತಿದ ತೆಳು ತಾಮ್ರದ ತಂತಿಯ ಸುರುಳಿ ಅದು. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಅಲೆ ಹುಟ್ಟುತ್ತದೆ. ಹಳೆಯ ದೂರವಾಣಿಯ ಕಿವಿಗೊಳವೆಯಲ್ಲಿ ಇದ್ದುದೂ ಅಯಸ್ಕಾಂತ ಮತ್ತು ಸುರುಳಿಯೇ. ಅಲ್ಲಿ ಕೆಲಸ ಮಾತ್ರ ತಿರುಗುಮುರುಗು. ಬೆಂಗಳೂರಿನ ಪೂರ್ವದಂಚಿನ ಕೆ.ಆರ್.ಪುರ ಸಮೀಪ ದೂರವಾಣಿನಗರದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಕಣ್ಣುಬಿಟ್ಟಾಗ, ಭೂಗೋಳದ ಇನ್ನೊಂದು ಬದಿಯಲ್ಲಿ ಫೆಂಡರ್ ಅದೇ ವಿಜ್ಞಾನವನ್ನು ಸಂಗೀತಕ್ಕೆ ಒಗ್ಗಿಸುತ್ತಿದ್ದರು.

1950ರಲ್ಲಿ ಅವರು ಟೊಳ್ಳಿಲ್ಲದ ಗಟ್ಟಿ ಮರದ ಗಿಟಾರನ್ನು ಮಾರುಕಟ್ಟೆಗೆ ತಂದರು. ಮೊದಲಿಟ್ಟ ಬ್ರಾಡ್‌ಕಾಸ್ಟರ್ ಎಂಬ ಹೆಸರಿಗೆ ಇನ್ನೊಂದು ವಾದ್ಯ ಕಂಪನಿಯಿಂದ ಆಕ್ಷೇಪ ಬಂದ ಕಾರಣ 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು. ಕುತ್ತಿಗೆಯನ್ನು ಅಂಟಿನಿಂದ ಕೂಡಿಸುವ ಬದಲು ನಾಲ್ಕು ಸ್ಕ್ರೂಗಳಿಂದ ಬಿಗಿಯಲಾಗಿತ್ತು. ಕೆಟ್ಟ ಭಾಗವನ್ನು ಕಳಚಿ ಹೊಸತನ್ನು ಹಾಕಬಹುದಾದ ವಾದ್ಯವದು. ಕುಶಲ ಬಡಗಿಗೆ ಹೊಳೆಯದ ಈ ಉಪಾಯ ರೇಡಿಯೊ ರಿಪೇರಿ ಮಾಡಿದವರಿಗೆ ಹೊಳೆಯಿತು. 1951ರಲ್ಲೇ ಪ್ರಿಸಿಷನ್ ಬೇಸ್, 1954ರಲ್ಲಿ ಸ್ಟ್ರಾಟೊಕಾಸ್ಟರ್ ಹೊರಬಂದವು.

ತಮಗೆ ನುಡಿಸಲು ಬಾರದ ಕೊರತೆಯನ್ನು ಫೆಂಡರ್ ಕಿವಿಯಿಂದ ತುಂಬಿಕೊಂಡರು. ಹೊಸ ಮಾದರಿಗಳನ್ನು ವೃತ್ತಿಪರ ವಾದಕರ ಕೈಗಿತ್ತು, ಅವರ ದೂರುಗಳನ್ನು ಆಲಿಸಿ, ಮರಳಿ ಬಿಚ್ಚಿ ತಿದ್ದುವುದು ಅವರ ಕ್ರಮವಾಗಿತ್ತು. ಗಿಟಾರಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂಬ ದೂರಿನಿಂದಲೇ ಸ್ಟ್ರಾಟೊಕಾಸ್ಟರ್‌ನ ಇಳಿಜಾರು ಮೈ ಹುಟ್ಟಿತು.

ಬಯಸಿದವರು ಬಾರದೆ ಹೋದರು

ಜಾಝ್ ವಾದಕರನ್ನು ಒಲಿಸಿಕೊಳ್ಳುವುದು ಫೆಂಡರ್ ಅವರ ಮುಂದಿನ ಗುರಿ. ಈ ವಾದಕರು ಹೆಚ್ಚಾಗಿ ಕುಳಿತು ನುಡಿಸುವವರು. ಟೊಳ್ಳು ಮೈಯ ದುಬಾರಿ ಗಿಟಾರುಗಳಿಗೆ ಮನಸೋತವರು. ಅವರಿಗಾಗಿ 1958ರಲ್ಲಿ ಜಾಝ್‌ಮಾಸ್ಟರ್ ಸಿದ್ಧವಾಯಿತು. ಆಫ್‌ಸೆಟ್ ವಿನ್ಯಾಸದ ಮೊದಲ ಗಿಟಾರ್ ಇದೇ.

ಹೊಸದಾಗಿ ಕೊಂಡವರನ್ನು ಇಂದು ಗಲಿಬಿಲಿಗೊಳಿಸುವ ಪ್ರತಿಯೊಂದು ಅಂಶಕ್ಕೂ ಅಂದು ಒಂದು ಕಾರಣವಿತ್ತು. ಓರೆ ನಡು ಕುಳಿತವರ ತೊಡೆಗೆ ಮತ್ತು ಮುಂಗೈಗೆ ಹೊಂದಲೆಂದು. ಮೇಲ್ಬದಿಯ ಸ್ವಿಚ್, ಹಾಡುಗಾರರಿಗೆ ಹಿನ್ನೆಲೆ ನುಡಿಸುವಾಗ ಬೇಕಾದ ಮೃದು ನಾದವನ್ನು ಮೊದಲೇ ಹೊಂದಿಸಿಟ್ಟುಕೊಳ್ಳಲೆಂದು. ಮೈಯೊಳಗೆ ಕೂತ ಸ್ಪ್ರಿಂಗು ಮತ್ತು ಟ್ರೆಮೊಲೊ ಸರಳು, ಸ್ವರವನ್ನು ನವಿರಾಗಿ ನಡುಗಿಸಲೆಂದು. ಅದಕ್ಕೊಂದು ಪುಟ್ಟ ಬೀಗದ ಗುಂಡಿಯನ್ನೂ ಇಡಲಾಯಿತು. ಒಂದು ತಂತಿ ಹರಿದರೂ ಉಳಿದವುಗಳ ಶ್ರುತಿ ಕಾಪಾಡಿಕೊಳ್ಳಲು ಅದು ನೆರವಾಗುತ್ತಿತ್ತು. ಸರಳಿನೊಡನೆ ತಾನೂ ತುಸು ಓಲಾಡುವ ಕುದುರೆ ದಪ್ಪ ತಂತಿಗಳ ಬಿಗಿಯನ್ನು ನೆಚ್ಚಿಕೊಂಡಿತ್ತು. ಅಂದಿನ ತಂತಿಗಳಲ್ಲಿ ಅತಿ ತೆಳುವಾದದ್ದೇ ಇಂಚಿನ ಸಾವಿರ ಭಾಗದಲ್ಲಿ 12ರಷ್ಟು ದಪ್ಪ. ಇಂದು ಅನೇಕರು ಬಳಸುವುದು 9 ಅಥವಾ 10ರದ್ದು. ಬಿಗಿ ಕಡಿಮೆಯಾದಾಗ ತಂತಿ ಗಾಡಿ ಬಿಟ್ಟು ಜಾರುತ್ತದೆ.

ಆದರೂ ಜಾಝ್ ವಾದಕರು ಒಲಿಯಲಿಲ್ಲ. ಜೋ ಪಾಸ್ ಅವರಂಥ ಒಬ್ಬಿಬ್ಬರು ಕೆಲಕಾಲ ನುಡಿಸಿದ್ದನ್ನು ಬಿಟ್ಟರೆ ಹೆಚ್ಚಿನವರು ತಮ್ಮ ಹಳೆಯ ವಾದ್ಯಗಳಿಗೇ ಅಂಟಿಕೊಂಡರು. ಅದನ್ನು ಕೈಗೆತ್ತಿಕೊಂಡವರು ಕಡಲ ತೀರದ ಕುಣಿತದ ಸಂಗೀತ ನುಡಿಸುತ್ತಿದ್ದ ತರುಣರು. ವೆಂಚರ್ಸ್ ತಂಡ ತನ್ನ ಆರಂಭದ ವರ್ಷಗಳಲ್ಲಿ ಜಾಝ್‌ಮಾಸ್ಟರ್ ನುಡಿಸಿತು. 1962ರಲ್ಲಿ ಬಂದ, ಇನ್ನೂ ಹೆಚ್ಚು ಸ್ವಿಚ್‌ಗಳ ಜಾಗ್ವಾರ್ ಬೀಚ್ ಬಾಯ್ಸ್ ತಂಡದ ಕಾರ್ಲ್ ವಿಲ್ಸನ್ ಅವರ ಕೈ ಸೇರಿತು. ಆ ಅಲೆ ಇಳಿದ ಮೇಲೆ ಬೇಡಿಕೆಯೂ ಇಳಿಯಿತು. ಜಾಗ್ವಾರ್ 1975ರಲ್ಲಿ, ಜಾಝ್‌ಮಾಸ್ಟರ್ 1980ರಲ್ಲಿ ತಯಾರಿಕೆಯಿಂದ ಮರೆಯಾದವು.

ಸಾವಿನ ನೆರಳಿನಲ್ಲಿ ಮಾರಾಟ

ಅಷ್ಟರಲ್ಲಿ ಫೆಂಡರ್ ಅವರ ಬದುಕೇ ತಿರುವು ಪಡೆದಿತ್ತು. 1950ರ ದಶಕದ ಮಧ್ಯಭಾಗದಿಂದ ಮೂಗಿನ ಸುತ್ತಲಿನ ಕುಹರಗಳ ಸೋಂಕು ಅವರನ್ನು ಹಿಂಡುತ್ತಿತ್ತು. ಯಾವ ಔಷಧಿಗೂ ಅದು ಬಗ್ಗಲಿಲ್ಲ. ತಮಗೆ ಇನ್ನು ಹೆಚ್ಚು ದಿನ ಉಳಿದಿಲ್ಲವೆಂದೇ ನಂಬಿದ ಅವರು, 1965ರ ಜನವರಿಯಲ್ಲಿ ಕಂಪನಿಯನ್ನು ಕೊಲಂಬಿಯಾ ಬ್ರಾಡ್‌ಕಾಸ್ಟಿಂಗ್ ಸಿಸ್ಟಮ್‌ಗೆ 1 ಕೋಟಿ 30 ಲಕ್ಷ ಡಾಲರ್‌ಗೆ ಮಾರಿದರು. ಕಾರ್ಖಾನೆಯೊಂದಿಗೆ ಅವರ ಸ್ವಂತ ಹೆಸರೂ ಪರರ ಪಾಲಾಯಿತು.

ವಿಧಿಯ ವಿಪರ್ಯಾಸವೆಂದರೆ, ಕೆಲವು ವರ್ಷಗಳಲ್ಲಿ ವೈದ್ಯರನ್ನು ಬದಲಿಸಿದಾಗ ಹೊಸ ಚಿಕಿತ್ಸೆಯಿಂದ ಸೋಂಕು ಗುಣವಾಯಿತು. ಬದುಕಲಾರೆನೆಂದು ಎಲ್ಲವನ್ನೂ ಮಾರಿದವರ ಮುಂದೆ ಇನ್ನೂ ಎರಡು ದಶಕಗಳ ಆಯುಷ್ಯವಿತ್ತು. ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಸ್ಪರ್ಧೆಗಿಳಿಯಬಾರದೆಂಬ ಕರಾರಿನ ಅವಧಿ ತೀರಿದ ಮೇಲೆ 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. 1979ರಲ್ಲಿ ಪತ್ನಿ ಎಸ್ತರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ಸುಮಾರಿಗೆ ಹಳೆಯ ಸಹೋದ್ಯೋಗಿ ಜಾರ್ಜ್ ಫುಲ್ಲರ್ಟನ್ ಜತೆಗೂಡಿ ಜಿ ಅಂಡ್ ಎಲ್ ಎಂಬ ಹೊಸ ಕಂಪನಿ ಕಟ್ಟಿದರು. 70 ದಾಟಿದ ಮೇಲೂ, ಪಾರ್ಕಿನ್ಸನ್ ಕಾಯಿಲೆ ಕೈಗಳನ್ನು ನಡುಗಿಸುತ್ತಿದ್ದರೂ, ಕೆಲಸದ ಮೇಜನ್ನು ಅವರು ಬಿಡಲಿಲ್ಲ. 1991ರ ಮಾರ್ಚ್ 21ರಂದು ಫುಲ್ಲರ್ಟನ್‌ನಲ್ಲಿ ನಿಧನರಾದರು.

ಗಿರವಿ ಅಂಗಡಿಯಿಂದ ವೇದಿಕೆಗೆ

ಯಾರಿಗೂ ಬೇಡವಾದ ಆಫ್‌ಸೆಟ್ ಗಿಟಾರುಗಳು ಅಮೆರಿಕದ ಗಿರವಿ ಅಂಗಡಿಗಳಲ್ಲಿ ಅಗ್ಗದ ದರಕ್ಕೆ ತೂಗಾಡುತ್ತಿದ್ದವು. ಜೇಬಿನಲ್ಲಿ ಹೆಚ್ಚು ಹಣವಿಲ್ಲದ ಹೊಸ ತಲೆಮಾರು ಅವನ್ನೇ ಹುಡುಕಿ ಕೊಂಡಿತು. ಒಬ್ಬರು ಎಸೆದದ್ದರಲ್ಲಿ ಇನ್ನೊಬ್ಬರು ಬೆಲೆ ಕಾಣುವ ಈ ಲೆಕ್ಕ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಬಲ್ಲ ಬೆಂಗಳೂರಿಗರಿಗೆ ಹೊಸತಲ್ಲ. 1977ರಲ್ಲಿ ಎಲ್ವಿಸ್ ಕಾಸ್ಟೆಲೊ ತಮ್ಮ ಮೊದಲ ಆಲ್ಬಮ್ಮಿನ ಹೊದಿಕೆಯ ಮೇಲೆ ಜಾಝ್‌ಮಾಸ್ಟರ್ ಹಿಡಿದು ನಿಂತರು. ಸೋನಿಕ್ ಯೂತ್ ತಂಡದವರು ದೋಷವೆನಿಸಿದ್ದ ಕುದುರೆಯ ಹಿಂದಿನ ತಂತಿಯನ್ನೇ ಮೀಟಿ ಹೊಸ ನಾದ ಹೊರಡಿಸಿದರು. ಜೆ ಮ್ಯಾಸ್ಕಿಸ್, ಕೆವಿನ್ ಶೀಲ್ಡ್ಸ್ ಅದೇ ಜಾಡಿನಲ್ಲಿ ಸಾಗಿದರು. ಕರ್ಟ್ ಕೋಬೇನ್ ಕೈಯಲ್ಲಿ ಜಾಗ್ವಾರ್ ಮೆರೆಯಿತು. ಬೇಡಿಕೆ ಮರಳಿದಂತೆ ತಯಾರಿಕೆಯೂ ಮರಳಿತು.

ದಂಡು ಪ್ರದೇಶದ ಬೆಂಗಳೂರಿಗೆ ಪಾಶ್ಚಾತ್ಯ ಸಂಗೀತ ಹೊಸತಲ್ಲ. 1809ರಲ್ಲಿ ದಂಡು ನೆಲೆಗೊಂಡಂದಿನಿಂದ ಸೇನಾ ವಾದ್ಯವೃಂದಗಳು, ಚರ್ಚಿನ ಗಾಯನ, ಆಂಗ್ಲೋ ಇಂಡಿಯನ್ ಕುಟುಂಬಗಳ ಕ್ರಿಸ್‌ಮಸ್ ನೃತ್ಯಕೂಟಗಳು ಇಲ್ಲಿನ ಬದುಕಿನ ಭಾಗವಾಗಿದ್ದವು. ಕೊರತೆಯಿದ್ದುದು ವಾದ್ಯಗಳದು. ಆಮದು ನಿರ್ಬಂಧ ಮತ್ತು ಸುಂಕದ ಆ ಕಾಲದಲ್ಲಿ ವಿದೇಶದ ಬಂಧುಗಳು ತಂದುಕೊಟ್ಟರೆ ಉಂಟು. ಇಲ್ಲವಾದರೆ ಕೋಲ್ಕತ್ತದಲ್ಲಿ ತಯಾರಾದ ಗಿಟಾರೇ ಗತಿ. ಫೆಂಡರ್ ಕಣ್ಣು ಮುಚ್ಚಿದ 1991ರಲ್ಲೇ, ಕೆಲವು ತಿಂಗಳುಗಳ ಬಳಿಕ, ಭಾರತ ತನ್ನ ಮಾರುಕಟ್ಟೆಯ ಬಾಗಿಲು ತೆರೆಯಿತು. ಅವರ ವಿನ್ಯಾಸಗಳು ನಂತರದ ವರ್ಷಗಳಲ್ಲಿ ಇಲ್ಲಿನ ಅಂಗಡಿಗಳನ್ನು ತಲುಪಿದವು.

ನಂಟು ಮರದ ಮೂಲಕವೂ ಇದೆ. ಫೆಂಡರ್ ಗಿಟಾರುಗಳ ಪೈಕಿ ಬೆರಳಾಡುವ ಪಟ್ಟಿಗೆ ಬೀಟೆ ಮರವನ್ನು ಮೊದಲು ಬಳಸಿದ್ದು ಜಾಝ್‌ಮಾಸ್ಟರ್‌ನಲ್ಲಿ. ಆರಂಭದಲ್ಲಿ ಅದು ಬ್ರೆಜಿಲ್ ದೇಶದ್ದು. 1960ರ ದಶಕದ ಉತ್ತರಾರ್ಧದಿಂದ ಭಾರತದ ಬೀಟೆ ಆ ಸ್ಥಾನ ಪಡೆಯಿತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಜಾತಿಯೇ ಅದು.

ಮೊದಲ ಸಂಜೆ ಬೇಸರಗೊಂಡ ವಾದಕರಿಗೆ ಪರಿಹಾರ ದೂರವಿಲ್ಲ. ತುಸು ದಪ್ಪ ತಂತಿ ಹಾಕಿ, ಕುತ್ತಿಗೆಯ ಬುಡಕ್ಕೆ ತೆಳು ಪಟ್ಟಿಯಿಟ್ಟು, ಕುದುರೆಯನ್ನು ಸ್ವಲ್ಪ ಎತ್ತರಿಸಿದರೆ ತಂತಿಗಳು ತಮ್ಮ ಜಾಗದಲ್ಲಿ ನೆಲೆ ನಿಲ್ಲುತ್ತವೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಕುತ್ತಿಗೆ ಕೈಗೆ ಬರುತ್ತದೆ. ರಿಪೇರಿಗೆ ಬಂದವರ ಕಷ್ಟ ಬಲ್ಲ ಲಿಯೋ ಫೆಂಡರ್ ಆ ಅನುಕೂಲವನ್ನು 1950ರಲ್ಲೇ ಮಾಡಿಟ್ಟಿದ್ದರು.