ಸೆಣಬಿನ ಹುರಿಯ ವಿಜ್ಞಾನಿ ಜಗದೀಶಚಂದ್ರ ಬೋಸ್

ತಾಯಿನುಡಿಯಲ್ಲಿ ಓದಿದರೆ ಮಕ್ಕಳು ಹಿಂದುಳಿಯುವರೆಂಬ ಅಂಜಿಕೆ ಮುಂಬಯಿಯ ನಮ್ಮ ಮನೆಗಳಲ್ಲಿಯೂ ಉಂಟು. ನಮ್ಮ ನಾಡಹಬ್ಬದ ತಿಂಗಳಲ್ಲಿಯೇ, 1858ರ ನವೆಂಬರ್ 30ರಂದು, ಬಂಗಾಳದಲ್ಲಿ ಹುಟ್ಟಿದ ಜಗದೀಶಚಂದ್ರ ಬೋಸರನ್ನು ಅದಕ್ಕಾಗಿಯೇ ನೆನೆಯುತ್ತೇವೆ. ತಂದೆ ಭಗವಾನಚಂದ್ರರು ಸರಕಾರಿ ಅಧಿಕಾರಿಗಳಾದರೂ ಮಗನನ್ನು ಮೊದಲು ಬಂಗಾಳಿ ಶಾಲೆಗೇ ಕಳಿಸಿದರು.

1885ರಲ್ಲಿ ಬೋಸರು ಇಂಗ್ಲೆಂಡಿನಿಂದ ಮರಳಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಬಿಳಿಯರಿಗಿಂತ ಕಡಿಮೆ ಸಂಬಳವೆಂದಾಗ ಮೂರು ವರ್ಷ ಪಾಠ ಹೇಳಿದರು, ಸಂಬಳ ಮುಟ್ಟಲಿಲ್ಲ. ಕೊನೆಗೆ ಬಾಕಿಯೊಡನೆ ಪೂರ್ತಿ ಸಂದಿತು. ಒಂದನೆಯ ತಾರೀಖಿಗೆ ಕಾಯುವ ನಮ್ಮಂಥ ಬ್ಯಾಂಕ್ ಗುಮಾಸ್ತರು ಇದರ ಬೆಲೆ ಬಲ್ಲೆವು.

ಮಿಲಿಮೀಟರುಗಳಷ್ಟೇ ಉದ್ದದ ವಿದ್ಯುತ್ ಅಲೆಗಳನ್ನು ಅವರು ಹುಟ್ಟಿಸಿದರು. ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ಬೇಗಡೆ ಇರಿಸಿದರು. ಒಂದು ದಿಕ್ಕಿಗೆ ಕಂಪಿಸುವ ಅಲೆ ಅದನ್ನು ದಾಟಿತು, ಅದಕ್ಕೆ ಅಡ್ಡವಾಗಿ ಕಂಪಿಸುವುದು ನಿಂತಿತು. 1898ರಲ್ಲಿ ಸೆಣಬನ್ನು ಹುರಿಮಾಡಿ ಅಲೆಗೆ ಎದುರಿಟ್ಟರು. ಬಲಕ್ಕೆ ಹೊಸೆದ ಹುರಿ ಕಂಪನವನ್ನು ಒಂದು ಕಡೆ ತಿರುಗಿಸಿತು, ಎಡಕ್ಕೆ ಹೊಸೆದದ್ದು ಇನ್ನೊಂದು ಕಡೆ. ಎರಡೂ ಸಮನಾದರೆ, ಜಮೆಗೆ ಖರ್ಚು ಸರಿಹೋದಂತೆ, ತಿರುವು ಸೊನ್ನೆ. ಗುಣ ಸೆಣಬಿನದಲ್ಲ, ಹೊಸೆದ ರೀತಿಯದು. ಬೇಕಾದಂತೆ ಅಲೆಯನ್ನು ಬಾಗಿಸಲು ವಸ್ತುವಿನ ರಚನೆಯನ್ನೇ ಕಟ್ಟುವ ಇಂದಿನ ಮೆಟಾಮೆಟೀರಿಯಲ್ ವಿದ್ಯೆಯ ಚರಿತ್ರೆಯಲ್ಲಿ ಈ ಹುರಿಗೆ ಮೊದಲ ಸಾಲಿನ ಸ್ಥಾನವಿದೆ.

1917ರಲ್ಲಿ ತಮ್ಮ ಹುಟ್ಟುಹಬ್ಬದಂದೇ ಬೋಸ್ ಸಂಶೋಧನಾಲಯವನ್ನು ತೆರೆದರು. 1921ರಲ್ಲಿ ಅವರ ಬಂಗಾಳಿ ಲೇಖನಗಳು 'ಅವ್ಯಕ್ತ'ವೆಂಬ ಹೆಸರಿನಲ್ಲಿ ಹೊರಬಂದವು. 1937ರ ನವೆಂಬರ್ 23ರಂದು ಗಿರಿಡೀಹಿನಲ್ಲಿ ತೀರಿಕೊಂಡರು.

ಲೋಕಕ್ಕೆ ಇಂಗ್ಲಿಷಿನಲ್ಲಿ ಬರೆದವರು ತಮ್ಮವರಿಗೆ ತಮ್ಮ ನುಡಿಯಲ್ಲಿ ಬರೆದರು. ಮಕ್ಕಳು ಯಾವ ಶಾಲೆಗೇ ಹೋಗಲಿ, ಮನೆಯಲ್ಲಿ ಕನ್ನಡದ ಎಳೆಯನ್ನು ಹೊಸೆಯುವ ಕೆಲಸ ನಮ್ಮದೇ.