ಯಾರೂ ಕಾಣದ ಸಾಹಸ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಈ ಶಾಲೆಯಲ್ಲಿ ಹಲವು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. 1965ರ ಯುದ್ಧದ ಪಾಠ ಬಂದಾಗಲೆಲ್ಲ ಪುಸ್ತಕ ಮುಚ್ಚಿಟ್ಟು ಮಕ್ಕಳಿಗೆ ಒಬ್ಬ ಕನ್ನಡನಾಡಿನ ವೀರನ ಕಥೆ ಹೇಳುತ್ತಿದ್ದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ ಆ ಕಥೆಯನ್ನೇ ಬರೆದುಕೊಡೋಣವೆನಿಸಿತು.

ಅಜ್ಜಮಾಡ ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರಂಥವರನ್ನು ಭೂಸೇನೆಗೆ ಕೊಟ್ಟ ಆ ನಾಡಿನಿಂದ ದೇವಯ್ಯನವರು ಆರಿಸಿಕೊಂಡದ್ದು ವಾಯುಪಡೆಯನ್ನು. 1954ರಲ್ಲಿ ಪೈಲಟ್ ಆಗಿ ಸೇರಿದ ಅವರು ಮುಂದೆ ಹೊಸಬರಿಗೆ ಹಾರಾಟ ಕಲಿಸುವ ಶಿಕ್ಷಕರಾದರು. ಅವರೂ ಮೇಷ್ಟ್ರೇ ಆಗಿದ್ದರೆಂಬುದು ನನಗೆ ಯಾವಾಗಲೂ ಹೆಮ್ಮೆಯ ಸಂಗತಿ. ಯುದ್ಧ ಶುರುವಾದಾಗ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ದಾಳಿ ನಡೆಸಿ, ನೆಲದಲ್ಲಿ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಇದಕ್ಕೆ ಉತ್ತರವಾಗಿ ಮರುದಿನ ನಸುಕಿನಲ್ಲಿ, ಶತ್ರುವಿನ ಪ್ರಬಲ ನೆಲೆಯಾದ ಸರ್ಗೋಧಾದ ಮೇಲೆ ಎರಗಲು ವಿಂಗ್ ಕಮಾಂಡರ್ ಓ.ಪಿ. ತನೇಜ ಅವರ ನೇತೃತ್ವದಲ್ಲಿ ಮಿಸ್ಟೇರ್ ವಿಮಾನಗಳು ಸಜ್ಜಾದವು. ದೇವಯ್ಯನವರು ಆ ತಂಡದಲ್ಲಿ ಕಾದಿರಿಸಿದ ಪೈಲಟ್. ಯಾವುದಾದರೂ ವಿಮಾನ ಹೊರಡಲಾಗದಿದ್ದರೆ ಮಾತ್ರ ಅವರ ಸರದಿ. ಆ ಸರದಿ ಬಂತು, ಅವರು ಹೊರಟರು.

ಮಾರ್ಗಮಧ್ಯೆ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಅವರನ್ನು ಅಡ್ಡಗಟ್ಟಿತು. ಅಮೆರಿಕದಲ್ಲಿ ತಯಾರಾದ ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಫ್ರಾನ್ಸಿನ ಮಿಸ್ಟೇರ್ ಅದಕ್ಕೆ ಯಾವ ರೀತಿಯಲ್ಲೂ ಸಮನಲ್ಲ. ಶತ್ರುವಿನ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಆದರೂ ಅವರು ಬೆನ್ನು ತಿರುಗಿಸಲಿಲ್ಲ. ಪೆಟ್ಟು ತಿಂದ ವಿಮಾನವನ್ನೇ ತಿರುಗಿಸಿ ಕಾದಾಡಿದರು. ಸ್ಟಾರ್‌ಫೈಟರ್ ಕೆಡವಲ್ಪಟ್ಟಿತು, ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟ್ ನೆರವಿನಿಂದ ಬದುಕುಳಿದರು. ದೇವಯ್ಯನವರ ವಿಮಾನವೂ ಶತ್ರುನೆಲದಲ್ಲೇ ಉರುಳಿತು. ಆಗ ಅವರಿಗೆ 32 ವರ್ಷ.

ಈ ಕಾಳಗವನ್ನು ಜೊತೆಗಾರರು ಯಾರೂ ನೋಡಿರಲಿಲ್ಲ. ಹಿಂದಿರುಗದ ದೇವಯ್ಯನವರ ಹೆಸರು ಕಾಣೆಯಾದವರ ಪಟ್ಟಿಗೆ ಸೇರಿತು. ಪತ್ನಿ ಮತ್ತು ಮನೆಯವರ ಪಾಲಿಗೆ ಉಳಿದದ್ದು ಕಾಯುವುದೊಂದೇ. ವರ್ಷಗಳು ಉರುಳಿದವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಯುದ್ಧದ ವಿವರ ಸಂಗ್ರಹಿಸಿ ಪುಸ್ತಕ ಬರೆದಾಗ ನಿಜಾಂಶ ಬೆಳಕಿಗೆ ಬರತೊಡಗಿತು. ಅಂದು ದಾಳಿಯ ನಾಯಕರಾಗಿದ್ದ ತನೇಜ ಅವರು ವಿಷಯವನ್ನು ಅಲ್ಲಿಗೇ ಬಿಡದೆ, ತಮ್ಮ ಜೊತೆಗಾರನಿಗೆ ಸಲ್ಲಬೇಕಾದ ಗೌರವಕ್ಕಾಗಿ ಸರ್ಕಾರಕ್ಕೆ ಬರೆದರು. ಕೊನೆಗೆ 1988ರಲ್ಲಿ, ಮಡಿದು 23 ವರ್ಷಗಳಾದ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಪ್ರದಾನವಾಯಿತು. ಪರಮವೀರ ಚಕ್ರದ ನಂತರ ರಣರಂಗದ ಶೌರ್ಯಕ್ಕೆ ದೇಶ ಕೊಡುವ ಅತ್ಯುನ್ನತ ಪದಕ ಅದು. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಆ ಕಡೆ ಪ್ರವಾಸ ಹೋಗುವವರು ಒಂದು ಕ್ಷಣ ಅಲ್ಲಿ ನಿಂತು ಬರಬೇಕೆಂದು ನನ್ನ ವಿನಂತಿ.

ಪದಕ ಸಿಗುತ್ತದೆಂದು, ಯಾರಾದರೂ ನೋಡಿ ಹೇಳುತ್ತಾರೆಂದು ದೇವಯ್ಯನವರು ಹೋರಾಡಲಿಲ್ಲ. ಅವರ ಸಾಹಸಕ್ಕೆ ಸಾಕ್ಷಿ ದೊರೆತದ್ದು ಎದುರಾಳಿಯ ಕಡೆಯಿಂದಲೇ. ನೋಡುವವರಿರಲಿ, ಇಲ್ಲದಿರಲಿ, ಹೊತ್ತ ಕೆಲಸವನ್ನು ಪೂರ್ತಿ ಮಾಡುವವನೇ ದೊಡ್ಡವನು ಎಂದು ನನ್ನ ಮಕ್ಕಳಿಗೆ ಹೇಳುತ್ತಿದ್ದೆ. ಅವರಲ್ಲಿ ಕೆಲವರು ಸೇನೆ ಸೇರಿದರು, ಕೆಲವರು ಹೊಲ ಉಳುತ್ತಿದ್ದಾರೆ, ಕೆಲವರು ನನ್ನಂತೆಯೇ ಸೀಮೆಸುಣ್ಣ ಹಿಡಿದಿದ್ದಾರೆ. ದೇವಯ್ಯನವರನ್ನು ನೆನೆಯುವುದೆಂದರೆ ನಮ್ಮ ನಮ್ಮ ಕೆಲಸದಲ್ಲಿ ಆ ನಿಷ್ಠೆಯನ್ನು ಉಳಿಸಿಕೊಳ್ಳುವುದು. ಐವತ್ತು ತುಂಬಿದ ನಮ್ಮ ಶಾಲೆ ಇನ್ನೂ ನೂರು ಕಾಲ ಅಂಥ ಮಕ್ಕಳನ್ನು ರೂಪಿಸಲಿ.