ಆರ್ಚಿಬಾಲ್ಡ್ ಗ್ಯಾರಡ್

ಸರ್ ಆರ್ಚಿಬಾಲ್ಡ್ ಎಡ್ವರ್ಡ್ ಗ್ಯಾರಡ್ (ನವೆಂಬರ್ 25, 1857 – ಮಾರ್ಚ್ 28, 1936) ಇಂಗ್ಲೆಂಡಿನ ವೈದ್ಯರು. ಆನುವಂಶಿಕ ಕಿಣ್ವ ಕೊರತೆಗಳ ಅಧ್ಯಯನಕ್ಕೆ ತಳಹದಿ ಹಾಕಿದವರು. ಅರಿವಳಿಕೆಯಲ್ಲಿ ಬಳಸುವ ಔಷಧವೊಂದು ಕೆಲವರಿಗೆ ಮಾತ್ರ ಅಪಾಯಕಾರಿಯಾಗುವುದೇಕೆ ಎಂಬುದರ ವಿವರಣೆಗೆ ಅವರ ಚಿಂತನೆಯೇ ಮೂಲ.

ಜೀವನ

ಗ್ಯಾರಡ್ ಲಂಡನ್ನಿನಲ್ಲಿ ಜನಿಸಿದರು. ತಂದೆ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್, ಸಂಧಿವಾತದ ಒಂದು ಬಗೆಯಾದ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿದ ವೈದ್ಯರು. ಆಕ್ಸ್‌ಫರ್ಡ್‌ನಲ್ಲಿಯೂ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿಯೂ ವ್ಯಾಸಂಗ ಮಾಡಿದ ಗ್ಯಾರಡ್ 1910ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಇಬ್ಬರು ಗಂಡುಮಕ್ಕಳು ಮೊದಲನೆಯ ಮಹಾಯುದ್ಧದಲ್ಲಿ ಮಡಿದರು; ಮೂರನೆಯವನು 1919ರಲ್ಲಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದನು. ಮಗಳು ಡೊರೊತಿ ಗ್ಯಾರಡ್ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕರು. ಗ್ಯಾರಡ್ 1920ರಿಂದ 1927ರವರೆಗೆ ಆಕ್ಸ್‌ಫರ್ಡ್‌ನಲ್ಲಿ ವೈದ್ಯಶಾಸ್ತ್ರದ ರೀಜಿಯಸ್ ಪ್ರಾಧ್ಯಾಪಕರಾಗಿದ್ದು, ಕೇಂಬ್ರಿಜ್‌ನಲ್ಲಿ ನಿಧನರಾದರು.

ಸಂಶೋಧನೆ

ಮೂತ್ರವು ಗಾಳಿಗೆ ತೆರೆದುಕೊಂಡಾಗ ಕಪ್ಪಾಗುವ ಆಲ್ಕಾಪ್ಟೊನೂರಿಯ ಎಂಬ ಸ್ಥಿತಿಯನ್ನು ಗ್ಯಾರಡ್ ಪರಿಶೀಲಿಸಿದರು. ಇಂತಹ ಮಕ್ಕಳ ತಂದೆತಾಯಿಗಳು ಅನೇಕ ವೇಳೆ ಹತ್ತಿರದ ರಕ್ತಸಂಬಂಧಿಗಳಾಗಿರುವುದನ್ನು ಗುರುತಿಸಿ, ವಿಲಿಯಂ ಬೇಟ್ಸನ್‌ರ ನೆರವಿನಿಂದ ಇದನ್ನು ಮೆಂಡೆಲ್‌ನ ನಿಯಮಗಳ ಮೂಲಕ ವಿವರಿಸಿದರು. 1902ರ ಪ್ರಬಂಧದಲ್ಲಿ, ದೇಹದ ರಾಸಾಯನಿಕ ಕ್ರಿಯೆಗಳು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತವೆಂದೂ ಔಷಧಗಳಿಗೆ ತೋರುವ ಪ್ರತಿಕ್ರಿಯೆಯಲ್ಲಿಯೂ ಈ ಭಿನ್ನತೆ ಕಾಣುತ್ತದೆಂದೂ ಸೂಚಿಸಿದರು. 1909ರಲ್ಲಿ ಅವರ 'ಇನ್‌ಬಾರ್ನ್ ಎರರ್ಸ್ ಆಫ್ ಮೆಟಬಾಲಿಸಂ' ಗ್ರಂಥ ಪ್ರಕಟವಾಯಿತು.

ಅರಿವಳಿಕೆ ಸುರಕ್ಷತೆ

ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು 1950ರ ದಶಕದ ಆರಂಭದಲ್ಲಿ ಸಕ್ಸಿನೈಲ್‌ಕೋಲಿನ್ ಬಳಕೆಗೆ ಬಂದಿತು. ರಕ್ತದಲ್ಲಿರುವ ಸ್ಯೂಡೊಕೋಲಿನೆಸ್ಟರೇಸ್ ಎಂಬ ಕಿಣ್ವವು ಇದನ್ನು ಒಡೆಯುವುದರಿಂದ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಕಿಣ್ವದ ತೀವ್ರ ಕೊರತೆಯಿರುವವರಲ್ಲಿ ಉಸಿರಾಟದ ಸ್ನಾಯುಗಳು ಗಂಟೆಗಟ್ಟಲೆ ನಿಶ್ಚೇಷ್ಟವಾಗಿ ಉಳಿಯಬಹುದು. ಅಲ್ಲಿಯವರೆಗೆ ಕೃತಕ ಉಸಿರಾಟ ಅನಿವಾರ್ಯ. ಈ ದೋಷದ ಒಂದು ಬಗೆಯನ್ನು ಗುರುತಿಸುವ ಪರೀಕ್ಷೆಯನ್ನು ವರ್ನರ್ ಕ್ಯಾಲೊ 1957ರಲ್ಲಿ ಪ್ರಕಟಿಸಿದರು.

ಭಾರತದ ವೈಶ್ಯ ಸಮುದಾಯದಲ್ಲಿ ಈ ಕಿಣ್ವದ ಜೀನಿನ ಒಂದು ಉತ್ಪರಿವರ್ತನೆಯನ್ನು 2006ರಲ್ಲಿ ವರದಿ ಮಾಡಲಾಯಿತು. ದೊಡ್ಡಬಳ್ಳಾಪುರ, ಹೊಸಕೋಟೆ ಮೊದಲಾದ ಪೇಟೆಗಳಲ್ಲಿಯೂ ಆರ್ಯವೈಶ್ಯ ಕುಟುಂಬಗಳಿವೆ. ಸಮುದಾಯದ ಎಲ್ಲರಲ್ಲಿಯೂ ಈ ಕೊರತೆ ಇರುವುದಿಲ್ಲ. ಇತರ ಸಮುದಾಯಗಳಲ್ಲಿಯೂ ಇದು ಕಂಡುಬರುತ್ತದೆ. ಕೊರತೆಯುಳ್ಳವರು ನಿತ್ಯಜೀವನದಲ್ಲಿ ಆರೋಗ್ಯವಂತರಾಗಿಯೇ ಇರುವುದರಿಂದ, ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಉಸಿರಾಟ ಮರಳುವುದು ತಡವಾಗಿತ್ತೇ ಎಂಬ ಮಾಹಿತಿ ಅರಿವಳಿಕೆ ತಜ್ಞರಿಗೆ ಮುಖ್ಯವಾದುದು. ಸಂದೇಹವಿದ್ದಲ್ಲಿ ರಕ್ತಪರೀಕ್ಷೆ ಮಾಡಿಸಿ ಬೇರೆ ಔಷಧವನ್ನು ಬಳಸಲಾಗುತ್ತದೆ.